ಫ್ಲೈವೀಲೂ ಮುನಿರಾಜುವಿನ ಸ್ಟೀರಿಂಗೂ

ಫ್ಲೈವೀಲ್ ಬದಲಾಯಿಸುವುದನ್ನು ಫೋನಿನಲ್ಲಿ ನೋಡಿ ಕಲಿತೆ ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹತ್ತು ನಿಮಿಷದ ವಿಡಿಯೊದಲ್ಲಿ ಗೇರ್‌ಬಾಕ್ಸ್ ತಾನೇ ಕೆಳಗಿಳಿಯುತ್ತದೆ, ಬೋಲ್ಟುಗಳು ತಾವೇ ಬಿಚ್ಚಿಕೊಳ್ಳುತ್ತವೆ, ಜೊತೆಗೆ ಹಿನ್ನೆಲೆ ಸಂಗೀತ ಬೇರೆ. ನಾವು ಕೆಲಸ ಕಲಿತಾಗ ಹಿನ್ನೆಲೆಯಲ್ಲಿ ಬೈಗುಳ ಇತ್ತು. ಹೋದ ತಿಂಗಳು ದೊಡ್ಡಬಳ್ಳಾಪುರದ ಒಂದು ಐಟಿಐನ ಮೇಷ್ಟ್ರು ನನ್ನನ್ನು ಕರೆದು, ಹುಡುಗರಿಗೆ ನಾಲ್ಕು ಮಾತು ಹೇಳಿ ಎಂದರು. ಅರ್ಧ ಗಂಟೆ ಮಾತಾಡಿದೆ, ಚಪ್ಪಾಳೆ ತಟ್ಟಿದರು, ಕಾಫಿ ಕೊಟ್ಟರು. ಮನೆಗೆ ಬಂದ ಮೇಲೆ ಹೇಳಬೇಕಾದ್ದನ್ನೇ ಹೇಳಲಿಲ್ಲವಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನೆಲಮಂಗಲದ ಒಂದು ಖಾಸಗಿ ಸಾಗಣೆ ಕಂಪನಿಯ ವರ್ಕ್‌ಶಾಪಿನಲ್ಲಿ ನಾನು ಮೂವತ್ತನಾಲ್ಕು ವರ್ಷ ದುಡಿದೆ. ಲಾರಿಗಳಿದ್ದವು, ಕಾರ್ಖಾನೆಗಳಿಗೆ ಜನರನ್ನು ಕರೆದೊಯ್ಯುವ ಬಸ್ಸುಗಳಿದ್ದವು. ಯಾವಾಗ ಮೆಕ್ಯಾನಿಕ್ ಆದೆ, ಯಾವಾಗ ಫೋರ್‌ಮನ್ ಆದೆ ಎಂಬುದು ಯಾರಿಗೂ ಬೇಡದ ಕಥೆ. ಹೇಳಬೇಕಾದ್ದು ಮುನಿರಾಜು ಎಂಬ ಡ್ರೈವರನ ಕಥೆ. ಆತನ ಕೈಯಿಂದ ಸ್ಟೀರಿಂಗ್ ಕಿತ್ತುಕೊಳ್ಳುವ ಕಾಗದಕ್ಕೆ ನನ್ನ ಒಂದು ಸಹಿ ಬಾಕಿ ಇತ್ತು. ಆ ಕಥೆಗೆ ಹೋಗುವ ಮೊದಲು ನಾನು ಎಂಥ ಕೆಲಸಗಾರನಾಗಿದ್ದೆ ಎಂದು ನಿಮಗೆ ಗೊತ್ತಾಗಬೇಕು.

ಫ್ಲೈವೀಲ್ ಎಂದರೆ ಇಂಜಿನ್ನಿನ ಬೆನ್ನಿಗೆ ಕಚ್ಚಿಕೊಂಡಿರುವ ಬೀಡುಕಬ್ಬಿಣದ ಚಕ್ರ. ಬೀಸುವ ಕಲ್ಲಿನಷ್ಟು ಅಗಲ, ಅದಕ್ಕಿಂತ ಭಾರ. ಇಂಜಿನ್ ಒಂದೊಂದು ಏಟಿಗೂ ಕುಪ್ಪಳಿಸದ ಹಾಗೆ ತಿರುಗಾಟವನ್ನು ಒಂದೇ ಸಮ ಇಡುವುದು ಇದರ ಕೆಲಸ. ಕ್ಲಚ್ ಪ್ಲೇಟು ಇದರ ಮುಖಕ್ಕೆ ಒತ್ತಿ ಕೂತಾಗಲೇ ಇಂಜಿನ್ನಿನ ಬಲ ಗಾಲಿಗೆ ಹೋಗುವುದು. ಅಂಚಿನ ಸುತ್ತ ಒಂದು ಹಲ್ಲಿನ ಬಳೆ ಇರುತ್ತದೆ. ಸೆಲ್ಫ್ ಹೊಡೆದಾಗ ಆ ಹಲ್ಲನ್ನು ಹಿಡಿದೇ ಇಂಜಿನ್ನನ್ನು ಎಬ್ಬಿಸುವುದು. ಗೇರ್‌ಬಾಕ್ಸ್ ಇಳಿಸದೆ ಇದರ ದರ್ಶನವೇ ಆಗುವುದಿಲ್ಲ. ಅದಕ್ಕೇ ಇದರ ಕೆಲಸ ಕೆಟ್ಟರೆ ಸಾಮಾನ್ಯವಾಗಿ ಬೈಸಿಕೊಳ್ಳುವವನು ಬೇರೆ ಯಾರೋ ಆಗಿರುತ್ತಾನೆ.

ನನಗೆ ಕೆಲಸ ಕಲಿಸಿದವರು ಖಾದರ್ ಸಾಬ್ರು, ನಮ್ಮ ಹಳೆಯ ಫೋರ್‌ಮನ್. ಫ್ಲೈವೀಲ್ ಬಿಚ್ಚುವಾಗ ಮೇಲಿನ ಎರಡು ಬೋಲ್ಟುಗಳನ್ನು ಸಡಿಲ ಮಾಡಿ ಬಿಡಬೇಕು, ಪೂರ್ತಿ ತೆಗೆಯಬಾರದು, ಇಬ್ಬರು ಹಿಡಿದುಕೊಂಡ ಮೇಲೆ ತೆಗೆಯಬೇಕು ಎಂದು ಅವರು ಮೊದಲ ದಿನವೇ ಹೇಳಿದ್ದರು. ನನಗೆ ತೋಳಿನಲ್ಲಿ ಬಲ ಇತ್ತು, ತಲೆಯಲ್ಲಿ ಅಷ್ಟಿರಲಿಲ್ಲ. ಒಂದು ದಿನ ಅವರು ಚಹಾಕ್ಕೆ ಹೋದಾಗ ಎಂಟೂ ಬೋಲ್ಟು ತೆಗೆದು ಒಬ್ಬನೇ ಎಳೆದೆ. ಚಕ್ರ ನನ್ನ ಕೈ ಜಾರಿ ಜಾಕಿಯ ಮೇಲೆ ಬಿದ್ದು ಎರಡು ಹೋಳಾಯಿತು. ನನ್ನ ಕಾಲ್ಬೆರಳಿಗೂ ಅದಕ್ಕೂ ಒಂದು ಅಂಗುಲವೂ ಅಂತರ ಇರಲಿಲ್ಲ. ಸಾಬ್ರು ಓಡಿ ಬಂದವರು ಮೊದಲು ನನ್ನ ಕಾಲು ನೋಡಿದರು, ಆಮೇಲೆ ಚಕ್ರ ನೋಡಿದರು, ಆಮೇಲೆ ಕೆನ್ನೆಗೆ ಒಂದು ಬಿಟ್ಟರು.

"ನಿನ್ ಕಾಲು ಹೋಗಿದ್ರೆ ತ್ಯಾಮಗೊಂಡ್ಲಿಗೆ ಹೋಗಿ ನಿಮ್ಮಪ್ಪಂಗೆ ನಾನೇನ್ ಜವಾಬು ಕೊಡ್ಲಿ? ಹೇಳೋ! ಕಬ್ಣ ಇನ್ನೊಂದ್ ತರ್ಬೋದು, ಕಾಲೆಲ್ಲಿಂದ ತರೋಣ?"

ಆ ಎರಡು ಹೋಳುಗಳನ್ನು ಒಂದೊಂದಾಗಿ ಹೊತ್ತು ಅಂಗಳದ ಸುತ್ತ ಮೂರು ಸುತ್ತು ಹಾಕಿಸಿದರು. ಭಾರ ಎಂದರೆ ಏನೆಂದು ಅಂದೇ ಗೊತ್ತಾಯಿತು.

ಇನ್ನೊಂದು ಎಡವಟ್ಟು ಹಲ್ಲಿನ ಬಳೆಯದು. ಹಲ್ಲು ಸವೆದರೆ ಹಳೇ ಬಳೆ ಕಿತ್ತು, ಹೊಸ ಬಳೆಯನ್ನು ಕಾಯಿಸಿ ಹಿಗ್ಗಿಸಿ, ಬಿಸಿ ಇರುವಾಗಲೇ ಚಕ್ರಕ್ಕೆ ತೊಡಿಸಬೇಕು. ಆರಿದ ಮೇಲೆ ಅದು ಕಚ್ಚಿ ಕೂರುತ್ತದೆ. ಗ್ಯಾಸ್ ಬೆಂಕಿ ಹಿಡಿದರೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ತಣ್ಣಗೆ. ಎಲ್ಲ ಕಡೆ ಒಂದೇ ಸಮ ಕಾಯಬೇಕಾದರೆ ದೊಡ್ಡ ಕಾವಲಿಯೇ ಆಗಬೇಕು. ಅಂಥ ಕಾವಲಿ ಇದ್ದದ್ದು ರಸ್ತೆಯಾಚೆಯ ಪುಟ್ಟಮ್ಮನ ಹೋಟೆಲಿನಲ್ಲಿ. ಬೆಳಗಿನ ದೋಸೆ ಮುಗಿದ ಮೇಲೆ ಸಾಬ್ರು ನನ್ನ ಕೈಯಲ್ಲಿ ಬಳೆ ಕೊಟ್ಟು ಅಲ್ಲಿಗೆ ಕಳಿಸುತ್ತಿದ್ದರು. ಆಯಮ್ಮ ಕಾವಲಿಯ ಮೇಲೆ ನೀರು ಚಿಮುಕಿಸಿ, ಚುರ್ ಎನ್ನುವುದನ್ನು ಕೇಳಿ, "ಇನ್ನೊಂದೀಟು ಕಾಯ್ಲಿ ತಡಿ" ಎನ್ನುತ್ತಿದ್ದಳು. ದೋಸೆಯ ಕಾವು ಬಲ್ಲವಳಿಗೆ ಕಬ್ಬಿಣದ ಕಾವು ತಿಳಿಯದೆ ಇರುತ್ತದೆಯೇ? ಅವಳು ತಡಿ ಎಂದಾಗ ತಡೆದ ಬಳೆ ಒಂದೂ ಸಡಿಲವಾಗಲಿಲ್ಲ.

ಅಂಥ ಒಂದು ದಿನ ಬಿಸಿ ಬಳೆಯನ್ನು ಇಕ್ಕಳದಲ್ಲಿ ಹಿಡಿದು ರಸ್ತೆ ದಾಟಿ ಓಡಿಬಂದು, ಬಿಸಿ ಆರೀತು ಎಂಬ ಗಡಿಬಿಡಿಯಲ್ಲಿ ಹಿಂದುಮುಂದಾಗಿ ತೊಡಿಸಿಬಿಟ್ಟೆ. ಹಲ್ಲಿನ ಒಂದು ಪಕ್ಕವನ್ನು ಸೆಲ್ಫಿನ ಹಲ್ಲು ಸುಲಭವಾಗಿ ಒಳಸೇರುವಂತೆ ಓರೆ ಮಾಡಿರುತ್ತಾರೆ. ನಾನು ಆ ಪಕ್ಕವನ್ನು ಇಂಜಿನ್ನಿನ ಕಡೆ ಹಾಕುವ ಬದಲು ಗೇರ್‌ಬಾಕ್ಸಿನ ಕಡೆ ಹಾಕಿದ್ದೆ. ಎಲ್ಲ ಜೋಡಿಸಿ ಸೆಲ್ಫ್ ಹೊಡೆದರೆ ಲಾರಿ ಕಿರುಚಿದ ಕಿರುಚಾಟಕ್ಕೆ ಪುಟ್ಟಮ್ಮನೇ ಎದ್ದು ಬಂದಳು. "ಏನಪ್ಪಾ ರಂಗಸ್ವಾಮಿ, ನನ್ ಕಾವ್ಲಿದೇನೂ ತಪ್ಪಿಲ್ಲ ತಾನೆ?" ಎಂದಳು. ಇಡೀ ವರ್ಕ್‌ಶಾಪು ನಕ್ಕಿತು. ನಾನೂ ನಗಬೇಕಾಯಿತು, ಆದರೆ ಒಳಗೆ ಅಳು ಬಂದಿತ್ತು.

ಹೀಗೆ ಬೈಸಿಕೊಂಡೂ ನಗೆಗೀಡಾಗಿಯೂ ಕೆಲಸ ಕೈಗೆ ಹತ್ತಿತು. ಹತ್ತಿದ್ದಷ್ಟೇ ಅಲ್ಲ, ತಲೆಗೂ ಏರಿತು. ಖಾದರ್ ಸಾಬ್ರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ನಾನು ಬಂದೆ. ಫ್ಲೈವೀಲಿನ ಮುಖದ ಮೇಲೆ ಬೆರಳಾಡಿಸಿದರೆ ಸಾಕು, ಎಲ್ಲಿ ಸವೆದಿದೆ, ಎಲ್ಲಿ ಗಟ್ಟಿಯಾಗಿದೆ ಎಂದು ಹೇಳುತ್ತಿದ್ದೆ. ನಿಜವಾಗಿಯೂ ಹೇಳುತ್ತಿದ್ದೆ, ಜಂಬವಲ್ಲ. ಕೊನೆಕೊನೆಗೆ ಪ್ರಶಾಂತ್ ಎಂಬ ಇಂಜಿನಿಯರ್ ಮ್ಯಾನೇಜರ್ ಆಗಿ ಬಂದರು. ನನ್ನ ಮಗನ ವಯಸ್ಸು. ಬಂದ ವಾರವೇ ಒಂದು ಮರದ ಪೆಟ್ಟಿಗೆ ತೆರೆದು ಡಯಲ್ ಗೇಜ್ ತೋರಿಸಿದರು. ಸಣ್ಣ ಗಡಿಯಾರದಂಥದ್ದು, ಕೆಳಗೆ ಒಂದು ಕಡ್ಡಿ. ಅದನ್ನು ತಿರುಗುವ ಚಕ್ರಕ್ಕೆ ತಾಗಿಸಿದರೆ ಕೂದಲೆಳೆಯಷ್ಟು ಓಲಾಡಿದರೂ ಮುಳ್ಳು ತೋರಿಸುತ್ತದೆ.

"ಪ್ರತಿ ಫ್ಲೈವೀಲ್ ಹಾಕಿದ ಮೇಲೂ ಇದರಲ್ಲಿ ಚೆಕ್ ಮಾಡ್ಬೇಕು ರಂಗಸ್ವಾಮಿ," ಎಂದರು.

"ಗಡಿಯಾರ ಆಫೀಸಲ್ಲಿರ್ಲಿ ಸಾರ್. ಇಲ್ಲಿ ನನ್ ಬೆರಳಿದೆ," ಎಂದೆ. ಸುತ್ತ ನಿಂತವರು ಮುಸಿಮುಸಿ ನಕ್ಕರು. ಪ್ರಶಾಂತ್ ಸಾರ್ ಪೆಟ್ಟಿಗೆ ಮುಚ್ಚಿಕೊಂಡು ಹೋದರು. ಗೆದ್ದೆ ಅಂದುಕೊಂಡೆ.

ಈಗ ಮುನಿರಾಜು. ಹೊಸಕೋಟೆ ಕಡೆಯ ಸಮೇತನಹಳ್ಳಿಯವನು, ನಮ್ಮಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರೈವರ್. ತ್ಯಾಮಗೊಂಡ್ಲು ಸುತ್ತಿನ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಕಾರ್ಖಾನೆಗೆ ಬಿಡುವ ಬಸ್ಸು ಅವನದು. ಯಾರಾದರೂ ದೂರದಿಂದ ಓಡಿ ಬರುತ್ತಿದ್ದರೆ ಬಿಟ್ಟು ಹೋಗುತ್ತಿರಲಿಲ್ಲ. ಆದರೂ ಕಾರ್ಖಾನೆಯ ಗೇಟು ಹಾಕುವುದರೊಳಗೆ ಎಲ್ಲರನ್ನೂ ಮುಟ್ಟಿಸುತ್ತಿದ್ದ. ಅವನಿಗೆ ಹೆಂಡತಿ ಮಕ್ಕಳಷ್ಟೇ ಆ ಬಸ್ಸೂ ಸಂಸಾರ.

ಒಂದು ಸಲ ಅವನ ಬಸ್ಸಿನ ಕ್ಲಚ್ ಸುಟ್ಟ ವಾಸನೆ ಬಂದು ಬಿಚ್ಚಿದೆವು. ಫ್ಲೈವೀಲಿನ ಮುಖ ನೀಲಿಗಟ್ಟಿ ಬಿರುಕು ಬಿಟ್ಟಿತ್ತು. ಲೇತಿನಲ್ಲಿ ಕಡೆದು ಸಮ ಮಾಡುವ ಹಾಗಿರಲಿಲ್ಲ, ಬದಲಾಯಿಸಲೇಬೇಕು. ಅದಕ್ಕೊಂದು ವರದಿ ಬರೆಯಬೇಕಿತ್ತು, ಅದರಲ್ಲಿ 'ಕಾರಣ' ಎಂಬ ಒಂದು ಗೆರೆ. ಆ ಗೆರೆಯಲ್ಲಿ ನಾವು ವರ್ಷಗಟ್ಟಲೆ ಬರೆಯುತ್ತಿದ್ದುದು ಒಂದೇ ವಾಕ್ಯ: ಚಾಲಕ ಕ್ಲಚ್ ಮೇಲೆ ಕಾಲಿಟ್ಟು ಓಡಿಸಿದ್ದಾನೆ. ನಾನೂ ಅದನ್ನೇ ಬರೆದೆ. ಮುನಿರಾಜುವನ್ನು ಒಂದು ಮಾತು ಕೇಳಲಿಲ್ಲ. ಅವನ ದಾರಿಯಲ್ಲಿ ಹೆದ್ದಾರಿಯ ಜಾಮಿನಲ್ಲಿ ಗಾಡಿ ಹೇಗೆ ತೆವಳುತ್ತದೆ ಎಂದು ನೋಡಲೂ ಇಲ್ಲ. ಕಂಪನಿಯಲ್ಲಿ ಒಂದು ನಿಯಮವಿತ್ತು. ಅಂಥ ವರದಿ ಎರಡು ಬಿದ್ದರೆ ಡ್ರೈವರನ್ನು ರಸ್ತೆಯಿಂದ ಇಳಿಸಿ ಗೇಟಿನಲ್ಲಿ ಕೂರಿಸುತ್ತಾರೆ, ಬಂದು ಹೋಗುವ ಗಾಡಿಗಳ ನಂಬರ್ ಬರೆದುಕೊಳ್ಳಲು. ಮುನಿರಾಜುವಿಗೆ ಒಂದು ಬಿತ್ತು.

ಹೊಸ ಫ್ಲೈವೀಲ್ ಬಂತು. ಆಯುಧಪೂಜೆ ಮುಗಿದು ಮೂರು ದಿನವಾಗಿತ್ತು. ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ. ಹಳೇ ಸಾಮಾನು ರಿಪೇರಿಯಾಗಿ ಬಂದರೆ ಸುಮ್ಮನೆ ಹಾಕುತ್ತೇವೆ, ಹೊಸದು ಬಂದರೆ ಬೊಟ್ಟಿಟ್ಟು ಕೈಮುಗಿದು ಹಾಕುತ್ತೇವೆ. ಖಾದರ್ ಸಾಬ್ರ ಕಾಲದಲ್ಲೂ ಹಾಗೇ. ಅವರು ಬಿಸ್ಮಿಲ್ಲಾ ಎಂದು ಚಕ್ರವನ್ನು ಒಮ್ಮೆ ತಟ್ಟುತ್ತಿದ್ದರು, ನಾವು ಕುಂಕುಮ ಇಡುತ್ತಿದ್ದೆವು. ಫ್ಲೈವೀಲಿನ ಮುಖಕ್ಕೆ ಏನೂ ಹತ್ತಬಾರದು, ಕ್ಲಚ್ ಜಾರುತ್ತದೆ. ಅಂಚಿಗೆ ಇಟ್ಟರೆ ಹಲ್ಲಿಗೆ ಸಿಗುತ್ತದೆ. ಅದಕ್ಕೇ ಬೆನ್ನಿನ ಕಡೆ, ಯಾವುದಕ್ಕೂ ತಾಗದ ಜಾಗದಲ್ಲಿ ಒಂದು ಒಣ ಬೊಟ್ಟು. ಆ ದಿನ ಆಯುಧಪೂಜೆಯ ತಟ್ಟೆ ಇನ್ನೂ ಕಿಟಕಿಯಲ್ಲೇ ಇತ್ತು. ನಾನೇ ಬೊಟ್ಟಿಟ್ಟೆ, ನಾನೇ ಎತ್ತಿ ಕೂರಿಸಿದೆ, ನಾನೇ ಬೋಲ್ಟು ಬಿಗಿದೆ. ಮ್ಯಾನೇಜರು ಡಯಲ್ ಗೇಜ್ ನೆನಪಿಸಿದರು. ಹೊಸಾ ವೀಲು ಸಾರ್, ಅದಕ್ಕೇನು ನೋಡೋದು ಎಂದೆ.

ಮಾರನೇ ದಿನವೇ ಮುನಿರಾಜು ಬಂದ. "ರಂಗಣ್ಣ, ಕ್ಲಚ್ ಬಿಡೋವಾಗ ಗಾಡಿ ಗಡಗಡ ಅಂತ ನಡುಗ್ತದೆ ಕಣಣ್ಣ. ಹೆಣ್ಮಕ್ಳು ನಗ್ತವ್ರೆ, ಬಸ್ಸಿಗೆ ಚಳಿಜ್ವರ ಬಂದದಾ ಅಂತ."

"ಹೊಸ ಪ್ಲೇಟು ಕಣೋ, ಹೊಂದ್ಕೊಳ್ಳೋವರ್ಗೂ ಹಂಗೇಯ," ಎಂದು ಕಳಿಸಿದೆ.

ವಾರವಾದರೂ ಹೊಂದಿಕೊಳ್ಳಲಿಲ್ಲ. ಇಂಜಿನ್ ಕೂತಿರುವ ರಬ್ಬರುಗಳನ್ನು ಬದಲಾಯಿಸಿದೆ. ನಡುಕ ನಿಲ್ಲಲಿಲ್ಲ. ಮತ್ತೆ ಗೇರ್‌ಬಾಕ್ಸ್ ಇಳಿಸಿ ಇನ್ನೊಂದು ಕ್ಲಚ್ ಪ್ಲೇಟ್ ಹಾಕಿದೆ. ಆಗ ಫ್ಲೈವೀಲಿನ ಮುಖದ ಮೇಲೆ ಬೆರಳಾಡಿಸಿದೆ, ಉಕ್ಕಿನ ಪಟ್ಟಿ ಇಟ್ಟೂ ನೋಡಿದೆ. ಕನ್ನಡಿಯ ಹಾಗೆ ಸಮ ಇತ್ತು. ಆದರೂ ನಡುಕ ಹೋಗಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ನನ್ನಂಥ ಗರ್ವಿ ಏನು ತೀರ್ಮಾನಕ್ಕೆ ಬರುತ್ತಾನೆ? ಗಾಡಿಯಲ್ಲಿ ದೋಷವಿಲ್ಲ, ಓಡಿಸುವವನ ಕಾಲಿನಲ್ಲಿ ದೋಷ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮುನಿರಾಜುವಿನ ಮುಖಕ್ಕೇ ಅಂದುಬಿಟ್ಟೆ. ಆ ಗಾದೆ ಯಾರಿಗೆ ಸಲ್ಲಬೇಕಾಗಿತ್ತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಪ್ರಶಾಂತ್ ಸಾರ್ ಎರಡನೆಯ ವರದಿಯ ಕಾಗದ ಕಳಿಸಿದರು. ಶನಿವಾರದೊಳಗೆ ಕಾರಣ ಬರೆದು ಸಹಿ ಹಾಕಿ ಕೊಡಬೇಕು. ಅಂದು ಶುಕ್ರವಾರ. ಊಟದ ಹೊತ್ತಿಗೆ ಮುನಿರಾಜು ಬಂದು ನನ್ನೆದುರು ನಿಂತ. ಊಟದ ಡಬ್ಬಿಯನ್ನು ತೆರೆದೇ ಇರಲಿಲ್ಲ, ಕೈಯಲ್ಲಿ ಹಿಡಿದುಕೊಂಡಿದ್ದ.

"ಸಹಿ ಹಾಕ್ತೀಯಂತೆ," ಎಂದ.

"ನಾನೇನ್ ಮಾಡ್ಲೋ? ಬಿಚ್ಚೋದೆಲ್ಲ ಬಿಚ್ಚಿ ನೋಡಾಯ್ತು."

"ಇಪ್ಪತ್ತೆರಡು ವರ್ಷ ಆಯ್ತು ಕಣಣ್ಣ. ನಾಳೆಯಿಂದ ಬ್ಯಾರೆಯೋರು ನನ್ ಬಸ್ಸು ಓಡಿಸ್ಕೊಂಡು ಬತ್ತಾರೆ, ನಾನು ಎದ್ದು ಗೇಟ್ ತೆಗೀಬೇಕಾ?" ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ಹಾಕು ಸಹಿಯ, ಬ್ಯಾಡ ಅನ್ನಲ್ಲ. ಅದ್ಕೂ ಮುಂಚೆ ಒಂದ್ಸಲ ನೀನೇ ಓಡ್ಸು. ಅಂಗಳದಲ್ಲಲ್ಲ, ರೋಡಲ್ಲಿ, ಏರಲ್ಲಿ. ನನ್ ಕಾಲು ಬ್ಯಾಡ, ನಿನ್ ಕಾಲಿಡು," ಎಂದ.

ಮನುಷ್ಯ ಬೇಡಿಕೊಂಡಿದ್ದರೆ ನಾನು ಸಹಿ ಹಾಕುತ್ತಿದ್ದೆನೋ ಏನೋ. ಅವನು ಸವಾಲು ಹಾಕಿದ್ದ. ಹೊರಟೆ. ದೊಡ್ಡಬಳ್ಳಾಪುರದ ದಾರಿಯ ರೈಲ್ವೆ ಸೇತುವೆಯ ಏರಿನಲ್ಲಿ ಬಸ್ಸು ನಿಲ್ಲಿಸಿ, ಮೊದಲನೇ ಗೇರಿಗೆ ಹಾಕಿ, ಮೂವತ್ತು ವರ್ಷ ಕಲಿತ ಎಲ್ಲ ನಾಜೂಕನ್ನೂ ಎಡಗಾಲಿಗೆ ತಂದುಕೊಂಡು ಕ್ಲಚ್ ಬಿಟ್ಟೆ. ಕನ್ನಡಿ ನಡುಗಿತು, ಕಿಟಕಿಗಳು ಗಡಗಡ ಅಂದವು, ನನ್ನ ಹಲ್ಲು ಕೂಡ ಕಟಕಟ ಅಂದಿತು. ಮತ್ತೆ ನಿಲ್ಲಿಸಿ ಮತ್ತೆ ಬಿಟ್ಟೆ. ಹಾಗೇ ಆಯಿತು. ಮೂರನೆಯ ಸಲವೂ ಹಾಗೇ.

ಮುನಿರಾಜು ಪಕ್ಕದಲ್ಲಿ ನಿಂತು ಎಲ್ಲ ನೋಡಿದ. "ಹಂಗಾದ್ರೆ ನಿನ್ನೂ ಗೇಟಿಗೆ ಹಾಕ್ತಾರಾ ರಂಗಣ್ಣ?" ಎಂದ. ಆ ಮಾತು ನಾಟಿತು. ನನ್ನ ಕಾಲಿಗೂ ನಡುಗುವ ಗಾಡಿಗೆ ಅವನ ಕಾಲನ್ನು ದೂರುವುದು ಹೇಗೆ?

ಬಸ್ಸು ತಂದು ನಿಲ್ಲಿಸಿ ನೇರ ಮ್ಯಾನೇಜರ ರೂಮಿಗೆ ಹೋದೆ. ಅಲ್ಲಿಗೆ ಹೋಗುವ ಹದಿನೈದು ಹೆಜ್ಜೆ ನನ್ನ ಕೆಲಸದ ಬದುಕಿನಲ್ಲೇ ಕಷ್ಟದ ನಡಿಗೆ.

"ಸಾರ್, ನಿಮ್ ಗಡಿಯಾರ ಕೊಡಿ," ಎಂದೆ.

ಅವರು ತಲೆ ಎತ್ತಿದರು. "ಬೆರಳಿಗೇನಾಯ್ತು ರಂಗಸ್ವಾಮಿ?"

"ಬೆರಳಿಗೆ ವಯಸ್ಸಾಯ್ತು. ಕೊಡಿ ಸಾರ್."

ಅವರು ನಗಲಿಲ್ಲ, ಅದು ಅವರ ದೊಡ್ಡತನ. ಶನಿವಾರ ಬೆಳಿಗ್ಗೆ ಕೋಟು ಬಿಚ್ಚಿಟ್ಟು ತಾವೇ ಪೆಟ್ಟಿಗೆ ಹಿಡಿದುಕೊಂಡು ಬಂದರು. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿ, ಗೇಜನ್ನು ಕೂರಿಸಿ, ಕಡ್ಡಿಯನ್ನು ಫ್ಲೈವೀಲಿನ ಮುಖಕ್ಕೆ ತಾಗಿಸಿದೆವು. ಮುನಿರಾಜು ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ನಾನು ಮೆಲ್ಲಗೆ ಚಕ್ರ ತಿರುಗಿಸಿದೆ. ಮುಳ್ಳು ಹತ್ತು ಗೆರೆಯೊಳಗೆ ಇರಬೇಕಂತೆ. ಹತ್ತು ದಾಟಿತು, ಇಪ್ಪತ್ತು ದಾಟಿತು, ನಲವತ್ತರ ಹತ್ತಿರ ಹೋಗಿ ನಿಂತು, ಇನ್ನರ್ಧ ಸುತ್ತಿಗೆ ವಾಪಸು ಬಂತು. ಮುಖ ಕನ್ನಡಿಯಷ್ಟು ಸಮ ಇದ್ದರೂ ಇಡೀ ಚಕ್ರವೇ ಓರೆಯಾಗಿ ಕೂತಿತ್ತು. ಸೊಟ್ಟಗೆ ನೇತುಹಾಕಿದ ಕನ್ನಡಿಯನ್ನು ಎಷ್ಟು ಸವರಿದರೆ ಏನು, ಸೊಟ್ಟ ಗೊತ್ತಾಗುವುದಿಲ್ಲ.

"ವೀಲೇ ಡಿಫೆಕ್ಟು," ಎಂದರು ಪ್ರಶಾಂತ್ ಸಾರ್. "ವೀಲ್ ಮಾಡಿದ ಕಂಪನಿಗೆ ವಾಪಸ್ ಕಳಿಸೋಣ. ಅವರು ಪರೀಕ್ಷೆ ಮಾಡಿ ಬರೆದು ಕೊಡ್ಲಿ. ಅಲ್ಲೀವರೆಗೂ ನಿಯಮದ ಪ್ರಕಾರ ತಪ್ಪು ಡ್ರೈವರ್ದೇ ಅಂತ ಲೆಕ್ಕ, ಮುನಿರಾಜು ಗೇಟಲ್ಲಿರ್ಲಿ, ನಂಗೆ ಬೇರೆ ದಾರಿ ಇಲ್ಲ."

ಮುನಿರಾಜು ನೆಲ ನೋಡಿದ. ನಾನು ಬೋಲ್ಟು ಬಿಚ್ಚತೊಡಗಿದೆ. ಮೇಲಿನ ಎರಡನ್ನು ಬಿಟ್ಟು, ಇನ್ನೊಬ್ಬರನ್ನು ಕರೆದು ಹಿಡಿಸಿಕೊಂಡು, ಚಕ್ರವನ್ನು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದೆ. ಬೆನ್ನಿನ ನಡುವೆ, ಇಂಜಿನ್ನಿನ ದಂಡಕ್ಕೆ ಕಬ್ಬಿಣಕ್ಕೆ ಕಬ್ಬಿಣ ಅಂಟಿಕೊಂಡು ಕೂರಬೇಕಾದ ಜಾಗದಲ್ಲಿ, ಹಳದಿ ಬಣ್ಣದ ಒಂದು ಚಕ್ಕೆ ಇತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಬ್ಲೇಡಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡೆ. ಅಕ್ಷತೆ. ಅರಿಶಿನದಲ್ಲಿ ಕಲಸಿದ ಎರಡು ಅಕ್ಕಿಕಾಳು, ಬೋಲ್ಟುಗಳ ಬಿಗಿತಕ್ಕೆ ಅಪ್ಪಚ್ಚಿಯಾಗಿ, ಇಂಜಿನ್ನಿನ ಕಾವಿಗೆ ಒಣಗಿ ಹೆಂಚಿನ ಚೂರಿನ ಹಾಗೆ ಗಟ್ಟಿಯಾಗಿದ್ದವು. ಸುತ್ತ ಹೆಬ್ಬೆರಳಿನಷ್ಟಗಲ ಅರಿಶಿನದ ಗುರುತು.

ಆಗ ನೆನಪಾಯಿತು. ಆ ದಿನ ಒಣ ಕುಂಕುಮ ಮುಗಿದಿತ್ತು. ಕಿಟಕಿಯಲ್ಲಿದ್ದ ತಟ್ಟೆಯ ಅರಿಶಿನಕ್ಕೆ ನೀರು ಚಿಮುಕಿಸಿ ಹೆಬ್ಬೆರಳು ಅದ್ದಿ, ಕನ್ನಡಕವೂ ಹಾಕಿಕೊಳ್ಳದೆ, ಬೆನ್ನಿನ ಮೇಲೆ ಏನೂ ತಾಗದ ಕಡೆ ಇಡಬೇಕಾದ್ದನ್ನು ನಡುವಿಗೆ ಒತ್ತಿದ್ದೆ. ದಂಡದ ಹತ್ತಿರ ಒಂದು ಕಾಳಿನ ದಪ್ಪ ಎತ್ತಿದರೆ ಚಕ್ರದ ಅಂಚಿನಲ್ಲಿ ಅದು ಮೂರು ಪಟ್ಟು ಓಲಾಡುತ್ತದೆ. ಕೂರಿಸುವ ಮೊದಲು ಎರಡು ಸಲ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಬೇಕು ಎಂದು ಖಾದರ್ ಸಾಬ್ರು ಬಡಕೊಂಡಿದ್ದರು. ಒರೆಸಿದ್ದೆ, ಬೊಟ್ಟಿಡುವುದಕ್ಕೆ ಮುಂಚೆ. ಬೊಟ್ಟಿಟ್ಟ ಮೇಲೆ ಒರೆಸಲು ಯಾರಿಗೆ ಮನಸ್ಸು ಬರುತ್ತದೆ?

ನನ್ನ ಅಂಗೈಯಲ್ಲಿದ್ದದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಮ್ಯಾನೇಜರು ಫೋನಿನಲ್ಲಿ ಮಾತಾಡುತ್ತ ಆಚೆ ಹೋಗಿದ್ದರು. ಪ್ಯಾಂಟಿಗೆ ಕೈ ಒರೆಸಿಕೊಂಡಿದ್ದರೆ ಮುಗಿಯುತ್ತಿತ್ತು. ವೀಲು ವಾಪಸು ಹೋಗುತ್ತಿತ್ತು, ಕಾಗದಪತ್ರ ಓಡಾಡುತ್ತಿತ್ತು, ಮುನಿರಾಜು ಗೇಟಿನಲ್ಲಿ ಎಷ್ಟು ತಿಂಗಳು ಕೂರುತ್ತಿದ್ದನೋ ದೇವರೇ ಬಲ್ಲ. ನನ್ನ ಮರ್ಯಾದೆ ಮಾತ್ರ ಉಳಿಯುತ್ತಿತ್ತು. ನಿಜ ಹೇಳುತ್ತೇನೆ, ಕೈ ಪ್ಯಾಂಟಿನವರೆಗೂ ಹೋಗಿತ್ತು. ಅಷ್ಟರಲ್ಲಿ ಮುನಿರಾಜುವಿನ ತೆರೆಯದ ಊಟದ ಡಬ್ಬಿ ಕಣ್ಣ ಮುಂದೆ ಬಂತು.

ಒಂದು ಖಾಲಿ ಆಯಿಲ್ ಡ್ರಮ್ಮಿಗೆ ಸ್ಪ್ಯಾನರಿನಿಂದ ನಾಲ್ಕು ಬಾರಿಸಿದೆ. ಎಲ್ಲರೂ ಬಂದರು, ಮ್ಯಾನೇಜರೂ ಬಂದರು.

"ಎಲ್ರೂ ನೋಡಿ," ಎಂದು ಅಂಗೈ ಚಾಚಿದೆ. "ಇದು ವೀಲಿನ ತಪ್ಪಲ್ಲ, ಮುನಿರಾಜುಂದಂತೂ ಅಲ್ಲವೇ ಅಲ್ಲ. ದೇವ್ರುನ್ನ ಎಲ್ಲಿ ಕೂರ್ಸಬಾರ್ದೋ ಅಲ್ಲಿ ಕೂರ್ಸಿದೋನು ನಾನು. ತಪ್ಪು ಮಾಡ್ದೋನೂ ನಾನೇ, ಹಿಡ್ದೋನೂ ನಾನೇ!"

ಕೊನೆಯ ಮಾತನ್ನು ಬೇಕೆಂದೇ ಜೋರಾಗಿ ಹೇಳಿದೆ. ನನಗೆ ಅಂಥ ಖುಷಿ ಆಗಿತ್ತು. ನಾಚಿಕೆ ಆಗಬೇಕಿತ್ತು, ಆಯಿತು ಕೂಡ, ಆದರೆ ಖುಷಿ ಅದಕ್ಕಿಂತ ದೊಡ್ಡದು. ವಾರಗಟ್ಟಲೆ ಆಟ ಆಡಿಸಿದ ಕಳ್ಳ ಕೊನೆಗೂ ಅಂಗೈಯಲ್ಲಿದ್ದ. ಯಾರೋ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಮುನಿರಾಜು ಮಾತ್ರ ನಗಲಿಲ್ಲ. ಎದ್ದು ಬಂದು ನನ್ನ ಕೈ ಹಿಡಿದು ಆ ಹಳದಿ ಚಕ್ಕೆಯನ್ನು ಬಗ್ಗಿ ನೋಡಿದ. "ಇಷ್ಟೇನಾ ಅಣ್ಣಾ?" ಎಂದ. ಅವನ ಕಣ್ಣು ಒದ್ದೆಯಾಗಿತ್ತು. "ಇಷ್ಟೇ ಕಣೋ. ತಪ್ಪಾಯ್ತು, ಕ್ಷಮಿಸ್ಬಿಡು," ಎಂದೆ. ಅಷ್ಟು ಜನರೆದುರು ನಾನು ಆ ಮಾತು ಆಡಿದ್ದು ಅದೇ ಮೊದಲು.

ಅದೇ ಫ್ಲೈವೀಲನ್ನು ತೊಳೆದು ಒರೆಸಿ, ದಂಡದ ಮುಖವನ್ನೂ ಒರೆಸಿ, ಹೊಸ ಬೋಲ್ಟುಗಳನ್ನು ಹಾಕಿ ಎದುರುಬದುರಾಗಿ ಬಿಗಿದೆ. ಗೇಜ್ ಕೂರಿಸಿ ತಿರುಗಿಸಿದರೆ ಮುಳ್ಳು ನಾಲ್ಕು ಗೆರೆಯೊಳಗೆ ಅಲ್ಲಾಡಿ ಸುಮ್ಮನಾಯಿತು. ಪ್ರಶಾಂತ್ ಸಾರ್ ನನ್ನ ಬೆನ್ನು ತಟ್ಟಿದರು. "ಬೊಟ್ಟಿಡಲ್ವಾ ರಂಗಣ್ಣ?" ಎಂದು ಒಬ್ಬ ಕಿಚಾಯಿಸಿದ. "ಇಡ್ತೀನಿ ಕಣ್ಲಾ, ಇಡ್ದೆ ಬಿಡ್ತೀನಾ?" ಎಂದೆ. ಗೇರ್‌ಬಾಕ್ಸ್ ಏರಿಸಿ ಎಲ್ಲ ಬಿಗಿದಾದ ಮೇಲೆ ಅದರ ಹೊರಮೈಗೆ, ಎಲ್ಲರಿಗೂ ಕಾಣುವ ಕಡೆ, ಢಾಳಾಗಿ ಇಟ್ಟೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ದೇವರಿಗೆ ಕೈಮುಗಿಯಿರಿ, ಆದರೆ ಎರಡು ಕಬ್ಬಿಣ ಕೂಡುವ ಜಾಗಕ್ಕೆ ದೇವರನ್ನೂ ಬಿಡಬೇಡಿ.

ವರದಿಯಲ್ಲಿ ಕಾರಣದ ಗೆರೆ ಖಾಲಿ ಇತ್ತು. 'ಫೋರ್‌ಮನ್ ರಂಗಸ್ವಾಮಿಯ ಅಜಾಗರೂಕತೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಹಳೆಯ ವರದಿಯನ್ನೂ ತರಿಸಿಕೊಂಡು, ಚಾಲಕನನ್ನು ಕೇಳದೆ, ದಾರಿಯನ್ನು ನೋಡದೆ ಬರೆದದ್ದು ಎಂದು ಪಕ್ಕದಲ್ಲಿ ಸೇರಿಸಿ ಸಹಿ ಹಾಕಿದೆ. ಮ್ಯಾನೇಜರು ಎರಡನ್ನೂ ಓದಿ ಕಡತದಲ್ಲಿಟ್ಟರು. ಆಮೇಲೆ ತಾವೂ ಬಸ್ಸಿನಲ್ಲಿ ಬರುತ್ತೇನೆ, ನೋಡಿಯೇ ತೀರ್ಮಾನ ಮಾಡುತ್ತೇನೆ ಎಂದರು.

ಅಂದು ಸಂಜೆ ಕಾರ್ಖಾನೆ ಬಿಟ್ಟಾಗ ಮುನಿರಾಜುವಿನ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ನಾನು ಇಂಜಿನ್ ಪಕ್ಕದ ಸೀಟಿನಲ್ಲಿ ಒತ್ತಿಕೊಂಡು ಕೂತೆ, ಪ್ರಶಾಂತ್ ಸಾರ್ ನಡುವೆ ಕಂಬಿ ಹಿಡಿದು ನಿಂತರು. ಸುದ್ದಿ ಹೆಣ್ಣುಮಕ್ಕಳಿಗೂ ಹೇಗೋ ಮುಟ್ಟಿತ್ತು. ರೈಲ್ವೆ ಸೇತುವೆಯ ಏರು ಬಂದಾಗ ಗುಸುಗುಸು ತಾನಾಗಿ ನಿಂತಿತು. ಏರಿನ ನಟ್ಟನಡುವೆ ಮುನಿರಾಜು ಬಸ್ಸು ನಿಲ್ಲಿಸಿದ. ಹಿಂದಿನ ಕಾರಿನವನು ಹಾರನ್ ಹೊಡೆದ, ಇವನು ಕಿವಿಗೊಡಲಿಲ್ಲ.

"ಸಾರ್, ಕಂಬಿ ಬಿಡಿ," ಎಂದ.

"ಏನು?"

"ಬಿಡಿ ಸಾರ್. ಕೈ ಕಟ್ಕೊಂಡು ನಿಂತ್ಕಳಿ."

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಹೂಂ ಎಂದೆ. ಅವರು ಕಂಬಿ ಬಿಟ್ಟು ಕೈಕಟ್ಟಿದರು. ಮುನಿರಾಜು ಗೇರಿಗೆ ಹಾಕಿದ, ಬ್ರೇಕು ಸಡಿಲಿಸಿದ, ಕ್ಲಚ್ ಬಿಟ್ಟ. ತುಂಬಿದ ಬಸ್ಸು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಏರು ಹತ್ತಿತು. ಕನ್ನಡಿ ಅಲ್ಲಾಡಲಿಲ್ಲ, ಕಿಟಕಿ ಸದ್ದು ಮಾಡಲಿಲ್ಲ, ಕೈಕಟ್ಟಿ ನಿಂತವರು ನಿಂತ ಹಾಗೇ ಇದ್ದರು. ಹಿಂದಿನಿಂದ ಯಾರೋ ಒಬ್ಬಳು "ಜ್ವರ ಬಿಡ್ತು ಕಣ್ರೇ!" ಎಂದು ಕೂಗಿದಳು. ಇಡೀ ಬಸ್ಸು ಹೋ ಎಂದು ಚಪ್ಪಾಳೆ ಹೊಡೆಯಿತು. ನಾನೂ ಹುಡುಗನ ಹಾಗೆ ಸೀಟಿ ಹಾಕಿದೆ.

ಏರಿನ ತುದಿ ಮುಟ್ಟಿದಾಗ ಮುನಿರಾಜು ಎರಡನೇ ಗೇರಿಗೆ ಹಾಕಿ, ಮೇಲಿನ ಕನ್ನಡಿಯಲ್ಲಿ ಮ್ಯಾನೇಜರ ಮುಖ ಹುಡುಕಿ ಹೇಳಿದ: "ಸಾರ್, ಗೇಟಿಗೆ ಬ್ಯಾರೆ ಯಾರ್ನಾದ್ರೂ ನೋಡ್ಕಳಿ."